ಮಧ್ಯಾಹ್ನ ಮೂರಕ್ಕೆ ಶುರುವಾಗುವ ದಿನ

ಜಯದೇವಮ್ಮನವರಿಗೆ ಒಂದು ಕಾಯಿಲೆ ಇತ್ತು, ಯಾವ ಡಾಕ್ಟರೂ ಔಷಧ ಬರೆಯದಂಥ ಕಾಯಿಲೆ. ಯಾರು ಏನು ಮಾಡುತ್ತಿದ್ದರೂ ಅದನ್ನು ಯಾಕೆ ಹಾಗೆ ಮಾಡುತ್ತಾರೆ ಎಂದು ತಿಳಿಯುವ ತನಕ ಅವರಿಗೆ ಊಟ ರುಚಿಸುತ್ತಿರಲಿಲ್ಲ. ಕತ್ರಿಗುಪ್ಪೆಯ ಒಂದು ಛತ್ರದಲ್ಲಿ ಮೂವತ್ತೊಂದು ವರ್ಷದಿಂದ ಅವರೇ ಮ್ಯಾನೇಜರು. ನಾಗಸ್ವರದವರು ಪೀಪಿಯನ್ನು ಬಾಯಲ್ಲಿಟ್ಟು ನೆನೆಸುವುದು ಯಾಕೆ, ಫೋಟೋದವರು ಬಿಳಿ ಕೊಡೆ ಬಿಚ್ಚುವುದು ಯಾಕೆ, ಎಲ್ಲವನ್ನೂ ಕೇಳಿ ತಿಳಿದುಕೊಂಡಿದ್ದರು. ಒಮ್ಮೆ ಹಸೆಮಣೆ ಏರಲು ಹೊರಟಿದ್ದ ಮದುಮಗನನ್ನೇ ತಡೆದು, "ನಿಮ್ ಆಫೀಸಲ್ಲಿ ಬೆಳಗ್ಗೆ ಹೋದ್ ತಕ್ಷಣ ಮೊದಲು ಏನ್ ಮಾಡ್ತೀರಪ್ಪಾ?" ಎಂದು ಕೇಳಿ ಪುರೋಹಿತರಿಂದ ಬೈಸಿಕೊಂಡಿದ್ದರು. ಬೈಸಿಕೊಂಡರೂ ಉತ್ತರ ಸಿಗಲಿಲ್ಲವಲ್ಲ ಎಂಬುದೇ ಅವರ ಕೊರಗು.

ಇಷ್ಟು ವರ್ಷದಲ್ಲಿ ಅವರು ಗಳಿಸಿದ್ದು ಒಂದು ಹೆಸರು. ಜಯದೇವಮ್ಮನ ಡೈರಿಯಲ್ಲಿ ಒಂದು ದಿನ ಬರೆಸಿದರೆ ಆ ದಿನ ಬ್ರಹ್ಮ ಬಂದು ಕೇಳಿದರೂ ಇನ್ನೊಬ್ಬರಿಗೆ ಹೋಗುವುದಿಲ್ಲ ಎಂದು ಬನಶಂಕರಿಯಿಂದ ಸಿದ್ದಾಪುರದವರೆಗೆ ಜನ ಹೇಳುತ್ತಿದ್ದರು. ಆದರೆ ಈಚೆಗೆ ಆ ಹೆಸರಿನ ಮೇಲೆಯೇ ಒಂದು ಕತ್ತಿ ತೂಗುತ್ತಿತ್ತು. ಛತ್ರ ನಡೆಸುವ ಟ್ರಸ್ಟಿನ ಕಾರ್ಯದರ್ಶಿ ಸೋಮನಾಥ್, ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು, ಬುಕಿಂಗ್ ಮಾಡುವ ಒಂದು ಆ್ಯಪ್ ನೋಡಿಕೊಂಡು ಬಂದಿದ್ದರು.

"ನೋಡೀಮ್ಮಾ, ನಂಗೇನೂ ಅವಸರ ಇಲ್ಲ," ಎಂದಿದ್ದರು ಯುಗಾದಿ ಕಳೆದ ವಾರ. "ಡೈರಿಯಲ್ಲಿ ಒಂದೇ ಒಂದು ತಪ್ಪು ಬರ್ಲಿ, ಮಾರನೇ ದಿನ ಆ್ಯಪ್ ಹಾಕಿಸ್ತೀನಿ. ಅಲ್ಲೀವರ್ಗೂ ನಿಮ್ ಡೈರಿನೇ ನಡೀಲಿ."

ಆ್ಯಪ್ ಬಂದರೆ ಹೋಗುವುದು ಡೈರಿ ಮಾತ್ರವಲ್ಲ, ಡೈರಿಯ ಹಿಂದೆ ಕೂರುವವರೂ ಹೋಗಬೇಕಾಗುತ್ತದೆ ಎಂಬುದು ಜಯದೇವಮ್ಮನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಂದಿನಿಂದ ಅವರು ಪ್ರತಿ ಬುಕಿಂಗನ್ನೂ ಎರಡು ಸಲ ಓದಿ, ಮೂರನೇ ಸಲ ಬೆರಳಿಟ್ಟು ನೋಡುತ್ತಿದ್ದರು.

ಆಷಾಢ ಬಂತು. ಆಷಾಢದಲ್ಲಿ ಛತ್ರಕ್ಕೆ ಬರುವುದು ಸುಣ್ಣ ಬಳಿಯುವವರು ಮತ್ತು ನೊಣ, ಇಬ್ಬರೇ. ಅಂಥ ಹೊತ್ತಿನಲ್ಲಿ ಬೆನ್ನಿಗೆ ಬ್ಯಾಗು ಏರಿಸಿಕೊಂಡ ಒಬ್ಬ ಹುಡುಗಿ ಬಂದು, ತನ್ನ ಹೆಸರು ಸಮನ್ವಿತಾ, ಮನೆ ಜೆ.ಪಿ. ನಗರ ಎಂದು ಹೇಳಿ, ಸಾಫ್ಟ್‌ವೇರ್ ಬರೆಯುವವರಿಗೆ ಒಂದು ಟ್ರೈನಿಂಗ್ ಮಾಡಬೇಕು, ನೂರಿಪ್ಪತ್ತು ಜನ, ಶನಿವಾರಕ್ಕೆ ಹಾಲ್ ಸಿಗುತ್ತದೆಯೇ ಎಂದು ಕೇಳಿದಳು.

"ಯಾವ ಕಂಪನಿ?"

"ಕಂಪನಿ ಅಲ್ಲ ಆಂಟಿ. ನಾವೇ ಒಂದಷ್ಟು ಜನ ಸೇರ್ಕೊಂಡು ಮಾಡೋದು."

"ಯಾರೂ ಹೇಳ್ದೆ? ಶನಿವಾರ? ರಜಾ ದಿನ ಬಂದು ಪಾಠ ಕೇಳ್ತಾರಾ?" ಜಯದೇವಮ್ಮನ ಕಾಯಿಲೆ ಅಲ್ಲಿಂದಲೇ ಶುರುವಾಯಿತು.

ಸಮನ್ವಿತಾ ಫೋನು ತೆಗೆದು ತೋರಿಸಿದಳು. ಮುಂದಿನ ಬುಧವಾರ ಸಂಜೆ ಬಿ.ಟಿ.ಎಂ. ಲೇಔಟಿನಲ್ಲಿ ಒಂದು ಸಭೆ, ಅದರ ಮುಂದಿನ ವಾರ ಜಯನಗರದಲ್ಲಿ ಪಾಸ್‌ವರ್ಡ್ ಕಳ್ಳರನ್ನು ಹಿಡಿಯುವುದು ಹೇಗೆ ಎಂದು ಒಂದು ದಿನದ ಅಭ್ಯಾಸ, ಶ್ರಾವಣದ ಕೊನೆಗೆ ಎರಡು ದಿನದ ದೊಡ್ಡ ಸಮ್ಮೇಳನ. ಹೀಗೆ ಬೆರಳು ಸರಿಸಿದಷ್ಟೂ ಪಟ್ಟಿ ಮುಗಿಯಲಿಲ್ಲ. ಯಾವ ದಿನ ಏನು, ಯಾರು ಯಾವುದಕ್ಕೆ ಹೋದರೆ ಒಳ್ಳೆಯದು, ಎಲ್ಲವೂ ಅದರಲ್ಲಿತ್ತು. ಇದು ಇವರ ಪಂಚಾಂಗ ಎಂದುಕೊಂಡರು ಜಯದೇವಮ್ಮ. ತಮ್ಮ ಮೂಗಿನ ಕೆಳಗೇ ಇಷ್ಟೆಲ್ಲ ನಡೆಯುತ್ತಿದ್ದರೂ ತಮಗೆ ಗೊತ್ತೇ ಇರಲಿಲ್ಲವಲ್ಲ ಎಂದು ಅವರಿಗೆ ಸ್ವಲ್ಪ ಅವಮಾನವೂ ಆಯಿತು.

"ಶನಿವಾರ, ಒಂದು ದಿನ ತಾನೆ?"

"ಹೌದು ಆಂಟಿ, ಒಂದೇ ದಿನ."

ಬರೆದರು. ಎರಡು ಸಲ ಓದಿ, ಬೆರಳಿಟ್ಟು ನೋಡಿದರು. ಮಾರನೆಯ ಭಾನುವಾರ ತಿಲಕ್ ನಗರದ ಅಂಜನಾ ಅವರ ನೃತ್ಯಶಾಲೆಯ ವಾರ್ಷಿಕೋತ್ಸವ ಆಗಲೇ ಬರೆದಾಗಿತ್ತು. ಅದು ಬೇರೆ ದಿನ, ಇದು ಬೇರೆ ದಿನ.

ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಜಯದೇವಮ್ಮ ಬಾಗಿಲು ತೆಗೆಸಿ, ದೀಪ ಹಾಕಿಸಿ, ಸಮನ್ವಿತಾಳ ಕಡೆಯವರಿಗಾಗಿ ಕಾದರು. ಯಾರೂ ಬರಲಿಲ್ಲ. ಸಂಜೆಗೆ ಇಬ್ಬರು ಬಂದು ಒಂದು ಬ್ಯಾನರ್ ಕಟ್ಟಿ ಹೋದರು. ಅಡುಗೆಯ ಸಿದ್ದಗಂಗಮ್ಮ ಸೌಟು ಹಿಡಿದು ಬಂದು, "ರಾತ್ರಿ ಊಟಕ್ಕೆ ಒಬ್ರೂ ಇಲ್ವಾ? ಹೆಣ್ಣಿನ ಕಡೆಯೋರೂ ಇಲ್ಲ, ಗಂಡಿನ ಕಡೆಯೋರೂ ಇಲ್ಲ, ಇದೆಂಥ ಫಂಕ್ಷನ್ ಅಕ್ಕಾ!" ಎಂದು ಗೊಣಗಿದರು. ಪಾಪ, ಕೆಲಸ ಬಿಟ್ಟು ಬರಲು ಆಗಿಲ್ಲವೇನೋ ಎಂದುಕೊಂಡು ಜಯದೇವಮ್ಮ ಸುಮ್ಮನಾದರು. ಆಗಲೇ ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಊರಿಗೆಲ್ಲ ಪ್ರಶ್ನೆ ಕೇಳುವ ಹೆಂಗಸು ಬೇಕಾದ ಒಂದೇ ಒಂದು ಪ್ರಶ್ನೆಯನ್ನು ನುಂಗಿಕೊಂಡರು.

ಶನಿವಾರ ಬೆಳಗ್ಗೆ ಜನ ಬಂದರು. ಯಾರೂ ರೇಷ್ಮೆ ಉಟ್ಟಿರಲಿಲ್ಲ, ಯಾರ ಕೈಯಲ್ಲೂ ಉಡುಗೊರೆ ಇರಲಿಲ್ಲ, ಬಂದವರೆಲ್ಲ ಮೊದಲು ಹುಡುಕಿದ್ದು ಪ್ಲಗ್ ಪಾಯಿಂಟನ್ನು. ಜಯದೇವಮ್ಮ ಕೊನೆಯ ಸಾಲಿನಲ್ಲಿ ಹೋಗಿ ಕೂತರು. ಮೊದಲ ಒಂದು ಗಂಟೆ ಅವರಿಗೆ ಅರ್ಥವಾದದ್ದು "ನಮಸ್ಕಾರ" ಮಾತ್ರ. ಆದರೂ ಏಳಲಿಲ್ಲ.

ಹನ್ನೊಂದಕ್ಕೆ ರವಿಕಿರಣ್ ಎಂಬ ಕನ್ನಡಕದ ಮನುಷ್ಯ ವೇದಿಕೆಗೆ ಬಂದ. ಮನೆ ಮನೆಗೆ ತರಕಾರಿ ತಲುಪಿಸುವ ಕಂಪನಿಯಲ್ಲಿ ಅವನ ಕೆಲಸವಂತೆ. ಗೌರಿ ಹಬ್ಬದ ಹಿಂದಿನ ದಿನ, ಇದು ಪ್ರಾಕ್ಟೀಸಿಗೆ ಇಟ್ಟ ಪಟ್ಟಿ ಎಂದುಕೊಂಡು, ನಿಜವಾದ ಆರ್ಡರುಗಳ ಪಟ್ಟಿಯನ್ನೇ ಅಳಿಸಿಬಿಟ್ಟನಂತೆ. "ಅರ್ಧ ಬೆಂಗಳೂರಿಗೆ ಅವತ್ತು ಬಾಳೆ ಎಲೆ ಹೋಗ್ಲಿಲ್ಲ, ಕಾರಣ ನಾನು," ಎಂದು ಅವನು ಹೇಳಿದಾಗ ಜಯದೇವಮ್ಮನಿಗೆ ಅವನ ಪರವಾಗಿ ತಾವೇ ನಾಚಿಕೆಯಿಂದ ತಲೆ ತಗ್ಗಿಸುವಂತಾಯಿತು. ಅವನೋ, ತಾನು ಯಾವ ಗುಂಡಿ ಒತ್ತಿದೆ, ಯಾವಾಗ ಎದೆ ಧಸಕ್ಕೆಂದಿತು, ಎಲ್ಲವನ್ನೂ ಗೆರೆ ಎಳೆದು ತೋರಿಸಿದ. ಕೊನೆಗೆ ಜನ ಚಪ್ಪಾಳೆ ತಟ್ಟಿದರು, ಅದೂ ಜೋರಾಗಿ.

ಜಯದೇವಮ್ಮನ ತಲೆಯಲ್ಲಿ ಹುಳ ಬಿಟ್ಟಂತಾಯಿತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುವ ಲೋಕದಲ್ಲಿ ಬದುಕಿದವರು ಅವರು. ಪಾಯಸ ಹೊತ್ತಿದರೆ ಏಲಕ್ಕಿ ಜಾಸ್ತಿ ಹಾಕು, ಮುಚ್ಚು ಅಷ್ಟೆ. ಕಾಫಿ ಬಿಡುವಿನಲ್ಲಿ ಸಮನ್ವಿತಾಳನ್ನು ಹಿಡಿದರು.

"ಆ ಹುಡುಗನ ಕೆಲ್ಸ ಹೋಗ್ಲಿಲ್ವೇನಮ್ಮಾ?"

"ಇಲ್ಲ ಆಂಟಿ. ಈಗ ಪ್ರಮೋಷನ್ ಬೇರೆ ಆಗಿದೆ."

"ತಪ್ಪು ಮಾಡಿದ್ದಕ್ಕಾ?"

"ಹೇಳಿದ್ದಕ್ಕೆ. ನಮ್ಮಲ್ಲಿ ತಪ್ಪಾದ್ರೆ ಯಾರು ಮಾಡಿದ್ದು ಅಂತ ಕೇಳಲ್ಲ, ಹೇಗೆ ಆಯ್ತು ಅಂತ ಕೇಳ್ತೀವಿ. ಅವ್ನು ಮುಚ್ಚಿಟ್ರೆ ನಾಳೆ ನಾನೂ ಅದೇ ಗುಂಡೀನೇ ಒತ್ತೋದಲ್ವಾ?"

"ಎಲ್ರೂ ಹೀಗೆ ಹೇಳಿಬಿಡ್ತಾರಾ?"

ಸಮನ್ವಿತಾ ನಕ್ಕಳು. "ಎಲ್ರೂ ಹೇಳಲ್ಲ. ಹೇಳ್ಬೇಕು ಅಂತ ಇದೆ. ಹೇಳೋರು ಕಮ್ಮಿ, ಅದಕ್ಕೇ ಅಷ್ಟು ಚಪ್ಪಾಳೆ."

ಊಟವಾಯಿತು. ಮತ್ತೆ ಹಾಲ್ ತುಂಬಿತು. ದಿನದ ಮುಖ್ಯ ಪಾಠ ಇನ್ನು ಮುಂದೆ, ಎಲ್ಲರೂ ಲ್ಯಾಪ್‌ಟಾಪ್ ತೆರೆದು ಕೈಯಾರೆ ಮಾಡಿ ಕಲಿಯುವುದು, ಸಂಜೆ ಆರು ದಾಟುವ ತನಕ. ಆಗ ಗಂಟೆ ಮೂರು ಹೊಡೆಯಿತು. ಗೇಟಿನಲ್ಲಿ ಗೆಜ್ಜೆ ಸದ್ದಾಯಿತು.

ಅಂಜನಾ ಮೇಡಂ, ಅವರ ಹಿಂದೆ ನಲವತ್ತು ಮಕ್ಕಳು, ಮಕ್ಕಳ ಹಿಂದೆ ಅಷ್ಟೇ ತಾಯಂದಿರು, ಒಂದು ಮೃದಂಗ. "ರಿಹರ್ಸಲ್‌ಗೆ ಬಂದ್ವಿ ಜಯದೇವಮ್ಮಾ. ಭಾನುವಾರದ ಬುಕಿಂಗ್ ನಮ್ದಲ್ವಾ?"

ಜಯದೇವಮ್ಮ ಒಳಗೋಡಿ ಡೈರಿ ತೆಗೆದು ನೋಡಿದರು.

ಅಂಜನಾ ಹೇಳಿದ್ದು ಸರಿ. ಛತ್ರದ ಲೆಕ್ಕದಲ್ಲಿ ಭಾನುವಾರ ಎಂದರೆ ಶನಿವಾರ ಮಧ್ಯಾಹ್ನ ಮೂರರಿಂದ ಭಾನುವಾರ ಮಧ್ಯಾಹ್ನ ಮೂರರವರೆಗೆ. ಹಿಂದಿನ ಸಂಜೆ ರಿಸೆಪ್ಷನ್, ಬೆಳಗ್ಗೆ ಧಾರೆ, ಮಧ್ಯಾಹ್ನ ಊಟ, ಖಾಲಿ ಮಾಡು. ಮುಹೂರ್ತ ಯಾವ ದಿನವೋ ಆ ದಿನದ ಹೆಸರು. ಮದುವೆ ಮಾಡುವವರಿಗೆಲ್ಲ ಇದು ಗೊತ್ತು, ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಹೀಗಾಗಿ ಜಯದೇವಮ್ಮ ಸಮನ್ವಿತಾಳಿಗೆ ಬರೆದುಕೊಟ್ಟ ಶನಿವಾರ ಶುಕ್ರವಾರ ಮಧ್ಯಾಹ್ನವೇ ಶುರುವಾಗಿ, ಈಗ ತಾನೇ ಮುಗಿದಿತ್ತು. ಪಾಪ ಆ ಹುಡುಗಿಯೋ, ಶನಿವಾರ ಎಂದರೆ ಬೆಳಗ್ಗೆಯಿಂದ ರಾತ್ರಿ ತನಕ ಶನಿವಾರವೇ ಎಂದು ನಂಬಿಕೊಂಡಿದ್ದಳು.

ಜಯದೇವಮ್ಮ ನಿಲ್ಲಲಿಲ್ಲ. ತಾಯಂದಿರಿಗೆ ಕಾಫಿ ಕೊಡಿಸಿ, ಕೆಳಗೆ ಊಟದ ಮನೆಗೆ ಓಡಿದರು. "ಗಂಗಮ್ಮಾ, ಟೇಬಲ್ ಒರೆಸ್ರೀ! ಇನ್ನು ಹತ್ತು ನಿಮಿಷಕ್ಕೆ ಇನ್ನೊಂದು ಪಂಕ್ತಿ ಕೂರುತ್ತೆ!" ಸಿದ್ದಗಂಗಮ್ಮ ಏನು ಬಡಿಸಬೇಕು ಎಂದೂ ಕೇಳದೆ ಒರೆಸಿದರು. ಜಯದೇವಮ್ಮ ಮೇಲೆ ಬಂದು ಸಮನ್ವಿತಾಳ ಕಿವಿಯಲ್ಲಿ ಹೇಳಿ, ಕೈಮುಗಿದರು. ಹುಡುಗಿ ಮೈಕು ತೆಗೆದುಕೊಂಡಳು. ನೂರಿಪ್ಪತ್ತು ಜನ ವೈರು ಸುತ್ತಿಕೊಂಡು ಕೆಳಗಿಳಿದರು.

ಉದ್ದನೆಯ ಊಟದ ಟೇಬಲ್ಲುಗಳ ಮೇಲೆ ಲ್ಯಾಪ್‌ಟಾಪುಗಳು ಸಾಲಾಗಿ ಕೂತವು. ಇಷ್ಟು ಹೊತ್ತು ತೊಡೆಯ ಮೇಲಿಟ್ಟುಕೊಂಡು ಒದ್ದಾಡುತ್ತಿದ್ದವರಿಗೆ ಇದೇ ಸಖತ್ತಾಗಿದೆ ಎನಿಸಿತು. ಪಾಠ ಹೇಳುವವರು ಬಡಿಸುವವರಂತೆ ಸಾಲಿನ ನಡುವೆ ಓಡಾಡಿದರು. ಮೇಲೆ ತಕಧಿಮಿ, ಕೆಳಗೆ ಟಕಟಕ. ಎರಡೂ ನಡೆದವು.

ಐದರ ಹೊತ್ತಿಗೆ ಸೋಮನಾಥ್ ಬಂದರು. ಮೇಲೆ ಇಣುಕಿದರು, ಕೆಳಗೆ ಇಣುಕಿದರು, ಬೆರಗಾದರು. ಅವರು ಬಾಯಿ ತೆರೆಯುವ ಮೊದಲೇ ಅಂಜನಾ, ಹಳೆಯ ವಿಶ್ವಾಸಕ್ಕೆ, "ಜಯದೇವಮ್ಮನೋರು ಎಷ್ಟ್ ಚೆನ್ನಾಗಿ ಪ್ಲಾನ್ ಮಾಡಿದಾರೆ ನೋಡಿ ಸಾರ್, ಇಬ್ಬರಿಗೂ ಜಾಗ!" ಎಂದುಬಿಟ್ಟರು.

"ಭೇಷ್!" ಎಂದರು ಸೋಮನಾಥ್. "ಒಂದೇ ದಿನಕ್ಕೆ ಎರಡು ಪಾರ್ಟಿ. ಈ ಉಪಾಯ ನಂಗೆ ಹೊಳೀಲೇ ಇಲ್ಲ."

ಸುಮ್ಮನಿದ್ದರೆ ಮುಗಿದೇ ಹೋಗುತ್ತಿತ್ತು. ಹೆಸರು ಉಳಿಯುತ್ತಿತ್ತು, ಡೈರಿ ಉಳಿಯುತ್ತಿತ್ತು, ಕುರ್ಚಿಯೂ ಉಳಿಯುತ್ತಿತ್ತು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಜಯದೇವಮ್ಮ ಸುಮ್ಮನೆಯೇ ಇದ್ದರು, ಒಂದು ಗಂಟೆ. ಆದರೆ ಆ ಒಂದು ಗಂಟೆ ಅವರಿಗೆ ಹಿಂಸೆಯಾಗಿತ್ತು. ಭಯಕ್ಕಿಂತ ಹೆಚ್ಚಾಗಿ ಕಾಡುತ್ತಿದ್ದುದು ಅದೇ ಹಳೆಯ ಕಾಯಿಲೆ: ಹೇಳಿದರೆ ಏನಾಗುತ್ತದೆ? ಆ ಕನ್ನಡಕದ ಹುಡುಗನಿಗೆ ಅಲ್ಲಿ ನಿಂತಾಗ ಹೇಗೆ ಅನಿಸಿತು?

ಆರು ಗಂಟೆಗೆ ಸಮನ್ವಿತಾ ಮೈಕು ಹಿಡಿದು, ಐದು ನಿಮಿಷ ಉಳಿದಿದೆ, ಇನ್ನೂ ಯಾರಾದರೂ ತಮ್ಮ ತಪ್ಪಿನ ಕಥೆ ಹೇಳುತ್ತೀರಾ ಎಂದು ಕೇಳಿದಳು. ಕೈ ತೊಳೆಯುವ ಜಾಗದ ಪಕ್ಕದಿಂದ ಜಯದೇವಮ್ಮ ಸೆರಗು ಸರಿಮಾಡಿಕೊಂಡು ನಡೆದು ಬಂದರು. ಬಾಗಿಲಲ್ಲಿ ಸೋಮನಾಥ್ ನಿಂತಿದ್ದರು. ಅದನ್ನು ನೋಡಿಯೇ ಬಂದರು.

"ನಂಗೆ ಕಂಪ್ಯೂಟರ್ ಬರಲ್ಲ. ನಂದು ಡೈರಿ," ಎಂದು ಶುರುಮಾಡಿ, ಶುಕ್ರವಾರ ಮೂರು ಗಂಟೆಗೆ ಬಾಗಿಲು ತೆಗೆದು ಕಾದದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದರು. "ಪ್ಲಾನೂ ಇಲ್ಲ, ಏನೂ ಇಲ್ಲ. ನಿಮ್ಮನ್ನ ಪಾಠದ ಮಧ್ಯೆ ಎಬ್ಬಿಸಿದ್ದು ನನ್ನ ತಪ್ಪು. ಶನಿವಾರ ಅಂದ್ರೆ ಎಷ್ಟು ಗಂಟೆಯಿಂದ ಎಷ್ಟು ಗಂಟೆವರ್ಗೂ ಅಂತ ಒಂದು ಮಾತು ನಾನು ಕೇಳ್ಬೇಕಿತ್ತು."

ರವಿಕಿರಣ್ ಎದ್ದು ನಿಂತು ಕೇಳಿದ. "ಆಂಟಿ, ದಿನ ಮೂರು ಗಂಟೆಗೆ ಶುರು ಅಂತ ನಿಮಗೆ ಹೇಳ್ಕೊಟ್ಟಿದ್ದು ಯಾರು?"

"ಯಾರೂ ಇಲ್ಲಪ್ಪ. ನನ್ಗಿಂತ ಮೊದ್ಲಿದ್ದೋರು ಹಾಗೇ ಬರೀತಿದ್ರು."

ಅವನು ನಗಲಿಲ್ಲ. ತಲೆಯಾಡಿಸಿ, ಅದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡ. ಆಮೇಲೆ ಚಪ್ಪಾಳೆ ಬಿತ್ತು. ಜಯದೇವಮ್ಮನಿಗೆ ಅದು ಕೇಳಿಸಿತೋ ಇಲ್ಲವೋ. ಅವರು ನೋಡುತ್ತಿದ್ದುದು ಬಾಗಿಲಲ್ಲಿ ನಿಂತವರನ್ನು. ಸೋಮನಾಥ್ ಚಪ್ಪಾಳೆ ತಟ್ಟಲಿಲ್ಲ.

ಎಲ್ಲರೂ ಹೋದ ಮೇಲೆ ಸೋಮನಾಥ್ ಊಟದ ಮನೆಗೆ ಬಂದರು. "ಮಾತು ಅಂದ್ರೆ ಮಾತು ಜಯದೇವಮ್ಮ. ಸೋಮವಾರ ಆ ಆ್ಯಪ್‌ನೋರನ್ನ ಕರೆಸ್ತೀನಿ."

"ಕರೆಸಿ ಸಾರ್." ಅಳು ಬಂದದ್ದನ್ನು ಅವರು ಮುಚ್ಚಿಡಲಿಲ್ಲ.

ಸೋಮನಾಥ್ ಹೊರಟವರು ನಿಂತರು. ಪ್ರಯೋಗದ ಕೊಳವೆಯಲ್ಲಿ ಬಣ್ಣ ಬದಲಾದುದನ್ನು ಕಂಡ ಮೇಷ್ಟರ ಹಾಗೆ ಅವರ ಹುಬ್ಬು ಗಂಟಿಕ್ಕಿತು. "ನೀವು ಹೇಳ್ದೆ ಇದ್ದಿದ್ರೆ ಇದು ನಂಗೆ ಗೊತ್ತೇ ಆಗ್ತಿರ್ಲಿಲ್ಲ."

"ಇಲ್ಲ."

"ಹಾಗಾದ್ರೆ ಮೂವತ್ತೊಂದು ವರ್ಷದಲ್ಲಿ ಹೀಗೆ ನಮಗೆ ಗೊತ್ತಾಗದೆ ಹೋದ ತಪ್ಪು ಎಷ್ಟಮ್ಮಾ?"

ಜಯದೇವಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಬೆರಳು ಮಡಚಿ ಎಣಿಸಿದರು.

"ಏಳು," ಎಂದರು.

ಸೋಮನಾಥ್ ಒಂದು ಕುರ್ಚಿ ಎಳೆದು ಕೂತು, ಜೇಬಿನಿಂದ ಪೆನ್ನು ತೆಗೆದರು. "ಒಂದೊಂದಾಗಿ ಹೇಳಿ. ಸೋಮವಾರ ಬರೋ ಆ್ಯಪ್‌ನೋರಿಗೂ ನೀವೇ ಹೇಳ್ಬೇಕು. ದಿನ ಮೂರಕ್ಕೆ ಶುರು ಅನ್ನೋದೆಲ್ಲಾ ಅವರಿಗೆ ಹೆಂಗ್ ಗೊತ್ತಿರತ್ತೆ?"

ಜಯದೇವಮ್ಮ ಎದುರಿನ ಕುರ್ಚಿಯಲ್ಲಿ ಕೂತು, ಮೊದಲನೆಯದರಿಂದ ಶುರುಮಾಡಿದರು.