ಹಿಮದೂರಿನ ಫೈಲು

ಇಟಲಿಯಲ್ಲಿ ಸ್ಕೀ ಬಾಡಿಗೆಗೆ ಕೊಡುವ ಅಂಗಡಿ ಮುಂಚೆಯೇ ತುಂಬಿ ಕಳಿಸಿ ಎಂದ ಫಾರಂನಲ್ಲಿ ಒಂದು ಪ್ರಶ್ನೆಯಿತ್ತು. ನೀವು ಹಿಮದ ಮೇಲೆ ಹೇಗೆ ಜಾರುತ್ತೀರಿ: ಎಚ್ಚರದಿಂದಲೋ, ಮಧ್ಯಮವಾಗಿಯೋ, ಧೈರ್ಯವಾಗಿಯೋ? ಹೊರಟಿದ್ದ ಐದೂ ಜನರಿಗೆ ಮಧ್ಯಮ ಎಂದು ಟಿಕ್ ಹಾಕಿದೆ. ಬ್ಯಾಂಕಿನಲ್ಲಿ ಇಷ್ಟು ವರ್ಷ ಕೆಲಸ ಮಾಡಿದವನಿಗೆ ಕೈ ತಾನಾಗಿ ನಡುವಿನ ಮನೆಗೇ ಹೋಗುತ್ತದೆ. ಅಲ್ಲಿ ಟಿಕ್ ಹಾಕಿದರೆ ಮೇಲಿನವರು ಏನೂ ಕೇಳುವುದಿಲ್ಲ.

ಮಗಳು ಹಿಂದಿನಿಂದ ಬಗ್ಗಿ ನೋಡಿದಳು. "ಅಯ್ಯೋ ನಾನ್ನಾ, ನಾವು ಐಸ್ ನೋಡಿರೋದೇ ಫ್ರಿಜ್‌ನಾಗೆ. ಮಧ್ಯಮ ಅಂತೆ ಮಧ್ಯಮ!"

ಅವಳು ಹುಟ್ಟಿದ್ದು ಬಳ್ಳಾರಿಯಲ್ಲಿ, ಬೆಳೆದದ್ದು ವಿಶಾಖಪಟ್ಟಣದಲ್ಲಿ. ಸಾಧಾರಣವಾಗಿ ಅಪ್ಪ ಅನ್ನುತ್ತಾಳೆ, ಹಂಗಿಸುವಾಗ ಮಾತ್ರ ತೆಲುಗಿನ ನಾನ್ನಾ.

ನಮ್ಮ ಯೋಜನೆ ಕಾಗದದ ಮೇಲೆ ಸರಳವಾಗಿತ್ತು. ಮ್ಯೂನಿಕ್‌ನಲ್ಲಿ ವಿಮಾನ ಇಳಿಯುವುದು, ಅಲ್ಲಿ ವ್ಯಾನು ಬಾಡಿಗೆಗೆ ಹಿಡಿದು ಆಸ್ಟ್ರಿಯಾ ದಾಟಿ ಇಟಲಿಯ ಬೆಟ್ಟದ ಊರು ಸೇರುವುದು. ನಾನು, ಹೆಂಡತಿ, ಮಗಳು, ಜೊತೆಗೆ ವಿಜಯವಾಡದಿಂದ ನಾದಿನಿ ಮತ್ತು ಅವಳ ಗಂಡ, ಅಂದರೆ ನನ್ನ ಷಡ್ಡಕ. ಸಾಲದ ಅರ್ಜಿಗೆ ಮಾಡುವ ಹಾಗೆ ಫೈಲು ಮಾಡಿ ಪುಟಗಳಿಗೆ ನಂಬರು ಹಾಕಿದ್ದೆ. ಆದರೆ ಓದಿದಷ್ಟೂ ಗೊಂದಲ ಹೆಚ್ಚಿತು. ಚಳಿಗಾಲಕ್ಕೆ ಬೇರೆ ಟಯರು. ಟಯರಿಗೆ ಸರಪಳಿ, ಅದನ್ನು ಯಾವಾಗ ಹಾಕಬೇಕು, ಯಾವಾಗ ಹಾಕಲೇಬಾರದು ಎಂದು ಬೇರೆ ಪುಟ. ಹೆದ್ದಾರಿಗೆ ಗಾಜಿನ ಮೇಲೊಂದು ಚೀಟಿ, ಆ ಚೀಟಿ ನಡೆಯದ ರಸ್ತೆಗೆ ಮತ್ತೊಂದು ಟೋಲು. ಗೊತ್ತಾಗಲಿಲ್ಲ ಎಂದು ಯಾರಿಗೂ ಹೇಳಲಿಲ್ಲ. ಪುಟಗಳಿಗೆ ಹಳದಿ ಗೆರೆ ಎಳೆಯುತ್ತಾ ಹೋದೆ.

ವ್ಯಾನಿನ ಫಾರಂನಲ್ಲಿ ಒಂದು ಮನೆಯನ್ನು ಮಾತ್ರ ಅನುಮಾನವಿಲ್ಲದೆ ತುಂಬಿದ್ದೆ. ಡ್ರೈವರ್: ನನ್ನ ಹೆಸರು.

"ಓಡ್ಸೋದು ಅವ್ನಿಗೆ ಬಿಡ್ರಿ," ಎಂದಿದ್ದಳು ಹೆಂಡತಿ. ಷಡ್ಡಕ ಇಪ್ಪತ್ತು ವರ್ಷ ಲಾರಿ ಓಡಿಸಿ ಈಗ ವಿಜಯವಾಡದ ಆಟೋನಗರದಲ್ಲಿ ಗ್ಯಾರೇಜು ಇಟ್ಟವನು. "ಬೀಚ್ ರೋಡಿನಾಗೆ ಗಾಡಿ ನಿಲ್ಸಾಕೇ ನೀವು ಹತ್ತು ನಿಮಿಷ ತಗಂತೀರಿ."

"ಅವ್ನು ಓದಿರೋದು ಏಳ್ನೇ ಕ್ಲಾಸು. ಅಲ್ಲಿ ಬೋರ್ಡು ಯಾರು ಓದ್ತಾರೆ?"

ಅವಳು ಫೈಲನ್ನು ನನ್ನ ಕಡೆ ತಳ್ಳಿ ಎದ್ದು ಹೋದಳು. ಅದು ಒಳ್ಳೆಯದಕ್ಕಲ್ಲ ಎಂದು ನನಗೂ ಗೊತ್ತಿತ್ತು.

ನಮ್ಮ ಮನೆಯಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದ ಮೊದಲ ಮನುಷ್ಯ ನಾನು. ಅಪ್ಪ ಹತ್ತಿ ಮಿಲ್ಲಿನಲ್ಲಿ ಹಮಾಲಿ. ನಾನು ಡಿಗ್ರಿ ಮುಗಿಸುವಷ್ಟರಲ್ಲಿ ಇಡೀ ಓಣಿಯ ನೋಟೀಸು, ಆಸ್ಪತ್ರೆ ಚೀಟಿ, ಕರೆಂಟಿನ ಬಿಲ್ಲು ನಮ್ಮ ಕಟ್ಟೆಗೆ ಬರುತ್ತಿದ್ದವು. ನಾನು ಓದಿ ಹೇಳುವವರೆಗೂ ಅಪ್ಪ ಪಕ್ಕದಲ್ಲಿ ನಿಂತಿರುತ್ತಿದ್ದ, ತಾನೇ ಓದಿದಷ್ಟು ಹೆಮ್ಮೆಯಿಂದ. ಆ ಜಾಗವನ್ನು ನಾನು ಯಾರಿಗೂ ಬಿಟ್ಟುಕೊಟ್ಟವನಲ್ಲ. ವ್ಯಾನಿನ ಸ್ಟೀರಿಂಗೂ ನನಗೆ ಅದೇ ಕಟ್ಟೆಯ ಹಾಗೆ ಕಂಡಿತ್ತು.

ಮ್ಯೂನಿಕ್‌ನಿಂದ ಆ ಊರಿಗೂ ವಿಶಾಖಪಟ್ಟಣದಿಂದ ವಿಜಯವಾಡಕ್ಕೂ ಹೆಚ್ಚುಕಡಿಮೆ ಅಷ್ಟೇ ದೂರ. ಅದಕ್ಕೇ ಒಂದು ಭಾನುವಾರ ತಾಲೀಮು ಎಂದು ಕಾರು ತೆಗೆದೆ. ತಾಲೀಮು ಪೂರ್ತಿಯಾಗಲೆಂದು ತುಂಬಿಕೊಂಡ ಉಣ್ಣೆಯ ಕೋಟುಗಳಿಗೆ ಡಿಕ್ಕಿಯಲ್ಲಿ ಜಾಗ ಸಾಲದೆ ಎರಡು ಮಗಳ ತೊಡೆಯ ಮೇಲೆ ಕೂತವು. ಪರವಾಡದ ಔಷಧ ಕಂಪನಿ ಬಸ್ಸುಗಳ ಹಿಂದೆ ಸಿಕ್ಕಿಕೊಂಡೆವು, ಅನ್ನವರಂ ದೇವಸ್ಥಾನದಲ್ಲಿ ಪ್ರಸಾದಕ್ಕೆ ನಿಂತೆವು, ಬೆವರಿ ನೀರಾಗಿ ಮಧ್ಯಾಹ್ನ ಆಟೋನಗರ ಮುಟ್ಟಿದೆವು. ಮುಟ್ಟಿದೆನಲ್ಲ ಎಂಬ ಗತ್ತು ನನಗೆ.

ಷಡ್ಡಕ ಕೈಯ ಗ್ರೀಸು ಒರೆಸುತ್ತಾ ಬಂದ. "ಬರ್ರಿ ಅಣ್ಣಗಾರು! ತಾಲೀಮು ಆಯ್ತಾ? ಆದ್ರೆ ಅಲ್ಲಿ ಸ್ಟೀರಿಂಗ್ ಎಡಗಡೆ ಕದಾ, ಅಲ್ವಾ? ಒಂದ್ಸಲ ಇದ್ರಾಗೆ ಕೂತು ನೋಡ್ರಿ."

ಅಂಗಳದ ಮೂಲೆಯಲ್ಲಿ, ಯಾರೋ ರಿಪೇರಿಗೆ ಬಿಟ್ಟ ಹಳೆಯ ಜೀಪು ನಿಂತಿತ್ತು. ಸ್ಟೀರಿಂಗ್ ಎಡಗಡೆಗೆ. ಹತ್ತಿದೆ. ಗೇರು ಹಾಕಲು ಎಡಗೈ ಎತ್ತಿದೆ, ಅದು ಬಾಗಿಲಿಗೆ ಬಡಿಯಿತು. ಮತ್ತೆ ಎತ್ತಿದೆ, ಮತ್ತೆ ಬಾಗಿಲು. ಬಲಗೈಗೆ ಗೇರು ಸಿಕ್ಕಿತು, ಯಾವ ಗೇರೋ ತಿಳಿಯಲಿಲ್ಲ. ಜೀಪು ಎರಡು ಮಾರು ನೆಗೆದು, ಜೋಡಿಸಿಟ್ಟ ಹಳೆಯ ಟಯರುಗಳಿಗೆ ಗುದ್ದಿ ನಿಂತಿತು.

"ಧೈರ್ಯವಾಗಿ," ಎಂದಳು ಮಗಳು. "ಫಾರಂ ತಿದ್ದಬೇಕು ನಾನ್ನಾ."

ನಾದಿನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹೆಂಡತಿ ನಗಲಿಲ್ಲ, ಅದೇ ಹೆಚ್ಚು ಚುಚ್ಚಿತು. ಷಡ್ಡಕ ನನ್ನನ್ನು ಈಚೆ ಸರಿಸಿ ಹತ್ತಿ, ಜೀಪನ್ನು ಹಿಂದಕ್ಕೆ ತೆಗೆದು, ಲಾರಿಗಳ ಸಂದಿಯಲ್ಲಿ ಎಂಟು ಬರೆದ ಹಾಗೆ ಸುತ್ತಿಸಿ ತಂದ. ಆಮೇಲೆ ನನ್ನ ಫೈಲು ಬಿಡಿಸಿ ಸರಪಳಿಯ ಚಿತ್ರ ನೋಡಿದ. ಓದಲಿಲ್ಲ, ಚಿತ್ರವನ್ನಷ್ಟೇ ನೋಡಿದ. "ಇಂಜಿನ್ ಯಾವ ಗಾಲಿ ತಿರುಗಿಸ್ತದೋ ಆ ಗಾಲಿಗೆ ಕಟ್ಟಾದು. ಇಷ್ಟೇ ಕದಾ?" ಮೂರು ದಿನ ನಾನು ಹಳದಿ ಗೆರೆ ಎಳೆದ ಪುಟ ಅದು.

"ಆದ್ರೆ ಬೋರ್ಡು..." ಎಂದೆ.

"ಅಲ್ಲಿ ಬೋರ್ಡು ಇಂಗ್ಲಿಷ್‌ನಾಗೇ ಇರ್ತಾವಾ ಅಮ್ಮಾಯಿ?" ಎಂದು ಅವನು ಮಗಳನ್ನು ಕೇಳಿದ.

"ಜರ್ಮನ್ ಬಾಬಾಯ್. ಆಮೇಲೆ ಇಟಾಲಿಯನ್."

ಅವನು ನನ್ನನ್ನು ನೋಡಿದ. ಅಣಕವಿರಲಿಲ್ಲ, ನಿಜವಾಗಿ ತಿಳಿದುಕೊಳ್ಳಬೇಕೆಂಬ ಮುಖ. "ನಿಮಗೆ ಅವು ಬರ್ತಾವಾ ಅಣ್ಣಗಾರು?"

"ಬರಲ್ಲ," ಎಂದೆ. ಅಪ್ಪ ಪಕ್ಕದಲ್ಲಿ ನಿಂತು ಕೇಳಿದ ಹಾಗಾಯಿತು. "ಈ ಫೈಲಿನಾಗೂ ಅರ್ಧ ನನಗೆ ಅರ್ಥ ಆಗಿಲ್ಲ," ಎಂದೆ.

ಹೆಂಡತಿ ಕೋಟುಗಳನ್ನು ಮಡಚತೊಡಗಿದಳು.

ಪೆನ್ನು ತೆಗೆದು ಫಾರಂನ ಡ್ರೈವರ್ ಎಂಬ ಮನೆಯಲ್ಲಿದ್ದ ನನ್ನ ಹೆಸರಿಗೆ ಅಡ್ಡಗೆರೆ ಎಳೆದು ಮೇಲೆ ಅವನ ಹೆಸರು ಬರೆದೆ. ತಿದ್ದಿದ ಕಡೆ ಚಿಕ್ಕ ಸಹಿ ಹಾಕುವುದು ಬ್ಯಾಂಕಿನ ರೂಢಿ, ಹಾಕಿದೆ. ಅವನಿಗೂ ವಿದೇಶಕ್ಕೆ ನಡೆಯುವ ಲೈಸೆನ್ಸು ಮಾಡಿಸಬೇಕು, ಆ ಅರ್ಜಿ ನಾನೇ ತುಂಬುತ್ತೇನೆ ಎಂದೆ.

"ಪಕ್ಕದಾಗೆ ನೀವೇ ಕೂಡ್ರಬೇಕು," ಎಂದ ಅವನು. "ದಾರಿ ಹೇಳ್ಬೇಕು. ನಿದ್ದೆ ಮಾಡಂಗಿಲ್ಲ."

ಜೀಪಿನ ಬಲಗಡೆ ಹತ್ತಿ ಕೂತೆ. ಅವನು ಅಂಗಳದಲ್ಲಿ ಇನ್ನೊಂದು ಸುತ್ತು ಹಾಕಿದ. ಎದುರಿಗೆ ಸ್ಟೀರಿಂಗ್ ಇರಲಿಲ್ಲ, ಕೈಗಳನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಪ್ರತಿ ತಿರುವಿನಲ್ಲೂ ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು.