ಇಲಿಗಳಿಗೆ ಪಥ್ಯ ಹೇಳುವ ವೈದ್ಯರು

ಸೊಪ್ಪಿನ ವೈದ್ಯರು ತಮ್ಮ ಮಲೇರಿಯಾ ಕಷಾಯವನ್ನು ಪರೀಕ್ಷೆಗೆ ಕೊಟ್ಟರು ಅನ್ನುವುದಕ್ಕಿಂತ, ಕಷಾಯದ ಜೊತೆ ತಮ್ಮನ್ನೂ ಪ್ರಯೋಗಶಾಲೆಗೆ ಒಪ್ಪಿಸಿಬಿಟ್ಟರು ಅನ್ನುವುದೇ ಸರಿ. ಬೀಗ ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿರುತ್ತಾರೆ. "ತಾತನ ಕಾಲದ ಮದ್ದಿಗೆ ಇಲಿ ಸರ್ಟಿಫಿಕೇಟು ಕೊಡಬೇಕೇನಯ್ಯಾ?" ಎಂದು ಕಾವಲುಗಾರನ ಮೇಲೆ ರೇಗಿಕೊಂಡೇ ಒಳಗೆ ಬರುತ್ತಾರೆ. ಮಲೇರಿಯಾ ಅಂಟಿಸಿದ ಇಲಿಗಳ ಪಂಜರದ ಮುಂದೆ ಮಾತ್ರ ದನಿ ತಗ್ಗಿಸಿ, "ಹುಳಿ ಮುಟ್ಟಬೇಡ ಮಗಾ, ಬಿಸಿನೀರೇ ಕುಡಿ" ಎಂದು ಪಥ್ಯ ಹೇಳುತ್ತಾರೆ. ಗಾಜಿನ ತಟ್ಟೆಯಲ್ಲಿ ರೋಗಾಣು ಸತ್ತ ದಿನ ಬೀದಿಗೆಲ್ಲ ಕೇಳುವಂತೆ ಮೆರೆದಾಡಿದರು. ವಿಷದ ಪರೀಕ್ಷೆ ಇನ್ನೂ ಬಾಕಿ ಇದೆ ಎಂದ ಪ್ರಯೋಗಶಾಲೆಯ ಡಾಕ್ಟರಮ್ಮನಿಗೆ, "ವಿಷ ಆಗಿದ್ರೆ ನಾನ್ಯಾಕೆ ತಾಯಿ ಹಿಂಗೆ ಗುಂಡುಕಲ್ಲಿನಂಗಿರ್ತಿದ್ದೆ? ದಿನಾ ರುಚಿ ನೋಡೋನೇ ನಾನು!" ಎಂದು ಕಣ್ಣು ಕೆಂಪಗೆ ಮಾಡಿದರು. ಮೊನ್ನೆ ಆಕೆ ಅವರನ್ನು ಕೂರಿಸಿ, ಕಷಾಯಕ್ಕೆ ಜ್ವರ ಬಿಡುವುದೇನೋ ನಿಜ, ಆದರೆ ಅದನ್ನು ಕುಡಿದ ಬಸುರಿ ಇಲಿಗಳಿಗೆ ಗರ್ಭ ನಿಲ್ಲುತ್ತಿಲ್ಲ ಎಂದರು. ಇನ್ನು ಛಾವಣಿ ಹಾರುತ್ತದೆ ಎಂದೇ ಎಲ್ಲರೂ ಅಂದುಕೊಂಡರು. ವೈದ್ಯರು ಜೇಬು ತಡಕಿ ಫೋನು ತೆಗೆದರು. ಮನೆಯಲ್ಲಿ ಅವರ ಬಸುರಿ ಮಗಳು ಹಿಂದಿನ ದಿನದಿಂದ ಜ್ವರ ಬಂದು ಮಲಗಿದ್ದಳು. "ಲೇ, ಮಗೂಗೆ ಇನ್ನೂ ಕಷಾಯ ಕುಡಿಸಿಲ್ಲ ತಾನೆ?" ಎಂದು ಹೆಂಡತಿಯನ್ನು ಕೇಳಿ, ಉತ್ತರ ಬರುವವರೆಗೆ ಗೋಡೆ ಹಿಡಿದು ನಿಂತರು. "ಸದ್ಯ! ಪಾತ್ರೆ ಸಮೇತ ಚೆಲ್ಲು. ಅವಳನ್ನ ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗು. ಹೌದು ಕಣೇ, ಆಸ್ಪತ್ರೆಗೇ! ಯಾರು ಅಂದ್ರೆ? ನಾನೇ ಕಣೇ ಮಾತಾಡ್ತಿರೋದು, ನಿನ್ನ ಗಂಡ!"