ಅತ್ತೆಯ ಡಿಟ್ಟೋ

ಸುರಪುರದಿಂದ ಬಂದ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದೆ. ಪುಂಡಿ ಸೊಪ್ಪಿನ ಪಲ್ಯದ ಹುಳಿ, ಬಳ್ಳೊಳ್ಳಿ ಒಗ್ಗರಣೆಯ ಘಾಟು ಒಟ್ಟಿಗೇ ಮೂಗಿಗೆ ಬಡಿದವು. ಕಳಿಸಿದವಳು ನನ್ನ ನೆಗೆಣ್ಣಿ ಗಂಗಮ್ಮ, ಮೈದುನನ ಹೆಂಡತಿ. ಒಂದು ತುತ್ತು ಬಾಯಿಗಿಟ್ಟ ನನ್ನ ಮಗಳು, "ಯವ್ವಾ, ಡಿಟ್ಟೋ ಅಜ್ಜಿ ಕೈ" ಅಂದಳು. ಅತ್ತೆ ತೀರಿಹೋಗಿ ಇಷ್ಟು ವರ್ಷವಾದರೂ ಆ ಶಬ್ದ ಕೇಳಿದರೆ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ ನೋಡಿ.

ಅತ್ತೆ ದೇವಾಪುರದವರು, ಹೊಗಳುವುದರಲ್ಲಿ ಬಲು ಜಿಪುಣಿ. ತವರಿನ ರುಚಿ ಸಿಕ್ಕರೆ ಮಾತ್ರ, "ಡಿಟ್ಟೋ ನಮ್ಮವ್ವ ಮಾಡಿದಂಗ ಆಗ್ಯಾದ" ಅನ್ನುತ್ತಿದ್ದರು. ಅದಕ್ಕಿಂತ ಮೇಲಿನ ಮಾತು ಅವರಲ್ಲಿರಲಿಲ್ಲ. ಆಗ ಈ ಶಹಾಪುರದ ಮನೆಯಲ್ಲಿ ಇಬ್ಬರು ಸೊಸೆಯರದೂ ಒಂದೇ ಒಲೆ. ಡಿಟ್ಟೋ ಮಾತ್ರ ಗಂಗಮ್ಮನ ಪಾಲಿಗೆ. ನನ್ನ ಕೈಯೋ, ಸುಮ್ಮನಿದ್ದರೆ ತಾನೆ? ಪುಂಡಿ ಪಲ್ಯಕ್ಕೂ ಶೇಂಗಾ ಪುಡಿ ಉದುರಿಸುತ್ತಿತ್ತು. ಅತ್ತೆ ಉಂಡು, "ಹೂಂ, ಇದೊಂದು ಥರಾ ಅದ" ಎಂದು ತಾಟು ಸರಿಸುತ್ತಿದ್ದರು. ಒಮ್ಮೆ ಹಟಕ್ಕೆ ಬಿದ್ದು ಗಂಗಮ್ಮ ಹಾಕುವಷ್ಟೇ ನುಚ್ಚು, ಅಷ್ಟೇ ಹಸಿಮೆಣಸಿನಕಾಯಿ ಹಾಕಿ ಬಡಿಸಿದೆ. "ಇವತ್ತ ಸಣ್ಣಾಕಿ ಮಾಡ್ಯಾಳೇನು? ಡಿಟ್ಟೋ ಆಗ್ಯಾದ" ಅಂದರು. ಬೆವರು ಸುರಿಸಿದ್ದು ನಾನು, ಹೆಸರು ಅವಳದು.

ಜಲ್ದಿ, ಬರೋಬರಿ, ಬಿಲ್ಕುಲ್‌ಗಳ ಸಾಲಿನಲ್ಲಿ ಡಿಟ್ಟೋ ಕೂಡ ನಿಜಾಮರ ಕಾಲದ ಉರ್ದು ಎಂದೇ ನಾನು ನಂಬಿದ್ದೆ. ಹಾಗೆಂದದ್ದಕ್ಕೆ ಮಗಳು ಉಣ್ಣುವುದು ಬಿಟ್ಟು ನಕ್ಕಳು.

"ಅದು ಇಂಗ್ಲಿಷ್ ಯವ್ವಾ. ಇಂಗ್ಲಿಷಿನವರೂ ಅದನ್ನ ಇಟಲಿಯಿಂದ ತಂದಾರ. ಅಲ್ಲಿ ಅದರ ಅರ್ಥ 'ಹೇಳಿದ್ದು' ಅಂತ. ಮ್ಯಾಲ ಬರದ ಹೆಸರನ್ನ ಮತ್ತ ಬರಿಯೋ ಬದ್ಲಿ ಕೆಳಗ ಎರಡು ಗೀಟು ಎಳೀತಾರಲ್ಲ, ಅದೇ ಡಿಟ್ಟೋ."

ಅಂದರೆ ನಕಲಿಗೆ ಇಟ್ಟ ಹೆಸರೂ ಎರವಲು ತಂದದ್ದೇ. ನನಗೆ ಎಷ್ಟು ಖುಷಿಯಾಯಿತೆಂದರೆ, ಡಬ್ಬಿ ಮುಟ್ಟಿತೆಂದು ಹೇಳುವ ನೆಪದಲ್ಲಿ ಗಂಗಮ್ಮನಿಗೆ ಆಗಲೇ ಫೋನ್ ಮಾಡಿದೆ. ಚುಚ್ಚಬೇಕೆಂದೇ ಅರ್ಥವನ್ನೆಲ್ಲ ಬಿಡಿಸಿ ಹೇಳಿ, "ಡಿಟ್ಟೋ ಅಂದ್ರ ಬರೇ ಎರಡು ಗೀಟಂತ ನೋಡವ್ವಾ" ಅಂದೆ.



"ಖರೇ ಅಕ್ಕಾರ. ಆ ಮನ್ಯಾಗ ನಾ ಗೀಟೇ ಆಗಿದ್ದೆ. ಏನ್ ಮಾಡಿದ್ರೂ ಅತ್ತಿಯವರ ಬಾಯಾಗ ಅವರವ್ವನ ಹೆಸರು. ಒಂದ್ಸಲ ನೀವು ಯಾದಗಿರಿಗೆ ತವರಿಗೆ ಹೋಗಿದ್ರಿ. ನಾನೂ ಶೇಂಗಾ ಪುಡಿ ಹಾಕಿ ಮಾಡಿದೆ. 'ಇದು ದೊಡ್ಡಾಕಿ ಪಲ್ಯ, ಆಕಿಗೇ ಬರೋದು, ನೀ ಮಾಡಬ್ಯಾಡ' ಅಂದ್ರು. ನಿಮ್ಮ ಮ್ಯಾಲ ಎಷ್ಟು ಹೊಟ್ಟಿ ಉರೀತು ಗೊತ್ತೇನ್ರಿ?"

ಫೋನ್ ಹಿಡಿದುಕೊಂಡೇ ಡಬ್ಬಿಯ ಕಡೆ ನೋಡಿದೆ. ಇಷ್ಟು ವರ್ಷ ಜೋಪಾನ ಮಾಡಿಟ್ಟುಕೊಂಡ ಸಿಟ್ಟನ್ನು ಈಗ ಎಲ್ಲಿಡಬೇಕೋ ತಿಳಿಯಲಿಲ್ಲ. ಗಂಗಮ್ಮ ಆ ಕಡೆ ಕಾಯುತ್ತಿದ್ದಳು.

"ನಂದೂ ಡಿಟ್ಟೋ, ಗಂಗಾ" ಅಂದೆ.